ಬೆಲ್ಲದ ಗಾಣಗಳೂ ಸರಕಾರದ ಸಹಾಯಧನವೂ

ಘಟಪ್ರಭಾ, ಹಿರಣ್ಯಕೇಶಿ ನದಿಗಳ ನೀರುಂಬ ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲೂಕುಗಳಲ್ಲಿ ಕಬ್ಬೇ ಮುಖ್ಯವಾದ ನೀರಾವರಿ ಬೆಳೆಯಾಗಿರುವದು. ಅದರ ಬಹುಭಾಗವು ಸಕ್ಕರೆ ಕಾರಖಾನೆಗಳಿಗೆ ಸಾಗುತ್ತಿದ್ದರೂ ಬೆಲ್ಲದ ಗಾಣಗಳು ಇನ್ನೂ ನಿಂತುಹೋಗಿಲ್ಲ. ಸುಗ್ಗಿಯಲ್ಲಿ ಒಂದು ಗಾಣವು ಕಬ್ಬು ಕಡಿಯುವವರಿಗೆ, ಒಲೆ ಉರಿಸುವವರಿಗೆ, ಪಾಕ ನೋಡುವವರಿಗೆ ಊರಲ್ಲಿಯೇ ಕೆಲಸ ಕೊಡುವದು. ಹೆಸರಾದ ಗೋಕಾಕದ ಕರದಂಟಿಗೂ ಬೆಲ್ಲವೇ ಆಧಾರ. ಇಂಥ ಚಿಕ್ಕ ಉದ್ದಿಮೆಗಳ ಅಭಿವೃದ್ಧಿಗಾಗಿ ಸರಕಾರದವರು ಮಾಡಿದ ಏರ್ಪಾಡುಗಳು ನಿಯಮಗಳನ್ನು ಅರಿತವನಿಗೆ ಲಾಭದಾಯಕವಾಗಿಯೂ ಅರಿಯದವನಿಗೆ ಬರಿಯ ಸಾಲದ ಭಾರವಾಗಿಯೂ ಪರಿಣಮಿಸುವವು. ಕಾರಣ ಜಮೀನುದಾರರೂ ಗ್ರಾಮದ ಪ್ರಮುಖರೂ ಅವನ್ನು ಚೆನ್ನಾಗಿ ತಿಳಿದಿರುವದು ಅವಶ್ಯ.

ಯೋಜನೆಯ ಸ್ವರೂಪ

ಕೇಂದ್ರ ಸರಕಾರವು 2020ನೆಯ ಇಸವಿಯಲ್ಲಿ ಚಿಕ್ಕ ಆಹಾರ ಉದ್ದಿಮೆಗಳಿಗಾಗಿ ಪ್ರಧಾನಮಂತ್ರಿಗಳ ಹೆಸರಿನ ಯೋಜನೆಯೊಂದನ್ನು ಪ್ರಾರಂಭಿಸಿತು. ಜಿಲ್ಲೆಗೊಂದು ಉತ್ಪನ್ನವೆಂಬ ಪದ್ಧತಿಯಂತೆ ಬೆಳಗಾವಿ ಜಿಲ್ಲೆಗೆ ಬೆಲ್ಲವನ್ನು ಗೊತ್ತುಪಡಿಸಲಾಯಿತು. ಯಂತ್ರ, ಕಟ್ಟಡ ಮುಂತಾದವುಗಳ ವೆಚ್ಚದ ಮೇಲೆ ಶೇಕಡಾ 35ರಂತೆ, 10 ಲಕ್ಷ ರೂಪಾಯಿ ಮೀರದಂತೆ ಕೇಂದ್ರವು ಸಹಾಯಧನ ಗೊತ್ತುಮಾಡಿತು. ಕರ್ನಾಟಕ ಸರಕಾರವು ಅದಕ್ಕೆ ಶೇಕಡಾ 15ನ್ನು ಕೂಡಿಸಿ, ಒಟ್ಟು ಶೇಕಡಾ 50ಕ್ಕೂ 15 ಲಕ್ಷ ರೂಪಾಯಿಗಳ ಮಿತಿಗೂ ಏರಿಸಿತು. ಉದ್ದಿಮೆದಾರನು ಕನಿಷ್ಠ ಪಕ್ಷ ಶೇಕಡಾ 10ನ್ನು ಸ್ವಂತವಾಗಿ ಹಾಕತಕ್ಕದ್ದು. ಉಳಿದದ್ದು ಬ್ಯಾಂಕಿನ ಸಾಲ. ಆಹಾರ ಪದಾರ್ಥ ತಯಾರಿಸುವ ಸ್ವಸಹಾಯ ಸಂಘಗಳ ಸದಸ್ಯರಿಗೆ ತಲಾ 40,000 ರೂಪಾಯಿವರೆಗೆ ಬೀಜಧನದ ಅನುಕೂಲವನ್ನೂ ಇಡಲಾಯಿತು.

ಸಹಾಯಧನವು ಕೈಗೂಡುವ ಬಗೆ

ಇಲ್ಲಿಯೇ ಹಲವರು ತಪ್ಪು ತಿಳಿಯುವರು. ಸಹಾಯಧನವು ಕೈಗೆ ಬರುವ ರೊಕ್ಕವಲ್ಲ. ಅದು ಸಾಲ ಕೊಟ್ಟ ಬ್ಯಾಂಕಿನಲ್ಲಿಯೇ ಇರುವದು. ಸಾಲದ ಕೊನೆಯ ಭಾಗವನ್ನು ಕೊಟ್ಟ ಮೇಲೆ 3 ವರುಷ ಕಳೆದು, ಆಗಲೂ ಖಾತೆಯು ಸರಿಯಾಗಿದ್ದು ಗಾಣವು ನಡೆಯುತ್ತಿದ್ದರೆ ಮಾತ್ರ ಆ ಮೊತ್ತವನ್ನು ಸಾಲಕ್ಕೆ ಜಮೆ ಮಾಡುವದೆಂದು ನಿಯಮವಿಡಲಾಯಿತು.

ಉದಾಹರಣೆಗೆ, 10 ಲಕ್ಷ ರೂಪಾಯಿ ವೆಚ್ಚದ ಗಾಣಕ್ಕೆ ಒಡೆಯನು 1 ಲಕ್ಷವನ್ನು ಹಾಕಿ 9 ಲಕ್ಷ ಸಾಲ ತೆಗೆದನೆನ್ನೋಣ. ಅವನಿಗೆ 5 ಲಕ್ಷ ಸಹಾಯಧನ ಮಂಜೂರಾಗಬಹುದು. ಆದರೆ ಅದು ಜಮೆಯಾಗುವವರೆಗೆ ಕಂತುಗಳನ್ನು ತಪ್ಪದೆ ಕಟ್ಟತಕ್ಕದ್ದು. ಕಂತು 90 ದಿವಸಗಳಿಗಿಂತ ಹೆಚ್ಚು ಬಾಕಿ ನಿಂತರೆ ಬ್ಯಾಂಕಿನವರು ಆ ಸಾಲವನ್ನು ಕೆಟ್ಟ ಸಾಲದ ಪಟ್ಟಿಗೆ ಸೇರಿಸುವರು. ಸಹಾಯಧನದ ಆಶೆಯೂ ಅದರೊಡನೆ ಹೋಗುವದು. ಗಾಣದ ಆದಾಯವು ವರುಷದ ಕೆಲವೇ ತಿಂಗಳುಗಳದು. ಆದುದರಿಂದ ಸುಗ್ಗಿಗೆ ಹೊಂದುವಂತೆ ಕಂತುಗಳನ್ನು ಗೊತ್ತುಮಾಡಿರೆಂದು ಸಾಲಪತ್ರಕ್ಕೆ ಸಹಿ ಹಾಕುವ ಮುನ್ನವೇ ಬ್ಯಾಂಕಿನವರನ್ನು ಕೇಳಿಕೊಳ್ಳುವದು ಲೇಸು. ಚಿಕ್ಕ ಉದ್ದಿಮೆಗೆ ಕೊಡುವ ಗೊತ್ತಾದ ಮಿತಿಯವರೆಗಿನ ಸಾಲಕ್ಕೆ ಒತ್ತೆ ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವಿರುವದು. ಹೊಲವನ್ನು ಒತ್ತೆಯಿಡಲು ಒಪ್ಪುವ ಮೊದಲು ಇದನ್ನು ನೆನೆಯಬೇಕು.

ಕಬ್ಬಿನ ಲೆಕ್ಕ

ಅರ್ಧ ವೆಚ್ಚವನ್ನು ಸರಕಾರವು ಹೊತ್ತರೂ ನಷ್ಟದ ವ್ಯಾಪಾರವು ಲಾಭದ್ದಾಗದು. ಒಂದು ಟನ್ನು ಕಬ್ಬಿನಿಂದ ಸುಮಾರು 100 ಕಿಲೋ ಬೆಲ್ಲ ಬರುವದು. 2025ರ ನವೆಂಬರದಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ರೂಪಾಯಿ ದರ ಕೇಳಿ ಧರಣಿ ಹೂಡಿದರು. ಆ ದರದಿಂದ ಕಬ್ಬು ಕೊಂಡರೆ ಕಿಲೋ ಬೆಲ್ಲದಲ್ಲಿ ಕಬ್ಬಿನ ಬೆಲೆಯೇ 35 ರೂಪಾಯಿ. ಕೂಲಿ, ವಿದ್ಯುತ್ತು, ಬಡ್ಡಿ ಬೇರೆ. ಕಾರಖಾನೆಯ ದರ ಏರಿದಂತೆ ಗಾಣಕ್ಕೆ ಕಬ್ಬು ದುರ್ಲಭವಾಗುವದು. ಸ್ವಂತ ಕಬ್ಬು ಎಷ್ಟು, ನೆರೆಯವರಿಂದ ನಿಶ್ಚಯವಾಗಿ ಸಿಗುವದು ಎಷ್ಟು ಎಂಬದನ್ನು ಅಳೆದೇ ಗಾಣದ ಪ್ರಮಾಣವನ್ನು ಗೊತ್ತುಮಾಡತಕ್ಕದ್ದು. ದೊಡ್ಡ ಸಹಾಯಧನದ ಆಶೆಗೆ ದೊಡ್ಡ ಯಂತ್ರವನ್ನು ತಂದು ಅರ್ಧ ದಿವಸ ನಿಲ್ಲಿಸುವದು ಜಾಣತನವಲ್ಲ.

ಬೆಲ್ಲದ ಗುಣ

ಹೆಚ್ಚಿನ ಬೆಲೆ ಬರುವದು ಗುಣದಿಂದ. ಪೇಟೆಯಲ್ಲಿ ಹಳದಿ ಬಣ್ಣಕ್ಕೆ ಗಿರಾಕಿ ಹೆಚ್ಚೆಂದು ಕೊಪ್ಪರಿಗೆಗೆ ಹೈಡ್ರೋಸ್ ಪುಡಿಯನ್ನು ಮಿತಿಯಿಲ್ಲದೆ ಸುರಿಯುವ ರೂಢಿಯು ಕೆಟ್ಟದು. ಅದರಿಂದ ಬೆಲ್ಲದಲ್ಲಿ ಗಂಧಕದ ಅಂಶ ನಿಲ್ಲುವದು. 10 ಲಕ್ಷ ಭಾಗಕ್ಕೆ 70 ಭಾಗ ಮೀರಬಾರದೆಂದು ಆಹಾರ ಕಾನೂನು ಕಟ್ಟುಮಾಡಿದೆ. ಅಂಥ ಬೆಲ್ಲದ ಬಣ್ಣವೂ ಇಟ್ಟಲ್ಲಿ ಬಹುದಿನ ಬಾಳದು. ರಸವನ್ನು ಸೋಸಿ, ಸುಣ್ಣದ ತಿಳಿಯನ್ನು ಹದವಾಗಿ ಕೂಡಿಸಿ, ಬೆಂಡೆಗಿಡದ ಲೋಳೆಯಿಂದ ಮಡ್ಡಿಯನ್ನು ತೆಗೆದರೆ ಶುಚಿಯಾದ ಬೆಲ್ಲ ದೊರೆಯುವದು. ಪೆಂಟೆಯ ಜೊತೆಗೆ ಬೆಲ್ಲದ ಪುಡಿ, ಚಿಕ್ಕ ಅಚ್ಚುಗಳನ್ನು ಪೊಟ್ಟಣಕಟ್ಟಿ ಮಾರಲು ಆಹಾರ ಸುರಕ್ಷತೆಯ ನೋಂದಣಿ ಬೇಕು. ಹುಕ್ಕೇರಿ ತಾಲೂಕಿನ ಸಂಕೇಶ್ವರದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನ ಕೇಂದ್ರವಿದ್ದು, ಕಬ್ಬಿನ ವಿಷಯದಲ್ಲಿ ಅಲ್ಲಿ ಸಲಹೆ ಕೇಳಬಹುದು.

ಗ್ರಾಮದ ಪ್ರಮುಖರ ಕರ್ತವ್ಯ

ಊರಿನ ಹಿರಿಯರು ಮೂರು ಕೆಲಸಗಳನ್ನು ಮಾಡಬಹುದು. ಒಂದನೆಯದು, ಗಾಣದವರಿಗೆ ಲೆಕ್ಕದ ಪುಸ್ತಕವಿಡಲು ಹೇಳುವದು. ಕೊಂಡ ಕಬ್ಬು, ಮಾರಿದ ಬೆಲ್ಲ, ಕೊಟ್ಟ ಕೂಲಿ ಬರೆದಿಡದವನಿಗೆ ಬ್ಯಾಂಕಿನಲ್ಲಿ ನಂಬಿಗೆ ಹುಟ್ಟದು. ಎರಡನೆಯದು, ದಲಾಲರ ಕೈಯಿಂದ ಅವರನ್ನು ತಪ್ಪಿಸುವದು. ಈ ಯೋಜನೆಯಲ್ಲಿ ಅರ್ಜಿ ಸಿದ್ಧಪಡಿಸಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸಿ, ಅವರ ಸಂಭಾವನೆಯನ್ನು ಸರಕಾರವೇ ಹೊತ್ತಿತು. ಉದ್ಯಮ ನೋಂದಣಿಗೂ ಶುಲ್ಕವಿಲ್ಲ. ಮೂರನೆಯದು, ಒಬ್ಬೊಬ್ಬರಿಗೆ ಆಗದ ಪುಡಿಮಾಡುವ, ಪೊಟ್ಟಣಕಟ್ಟುವ ಯಂತ್ರಗಳಿಗೆ ನಾಲ್ಕಾರು ಗಾಣದವರನ್ನು ಸಂಘವಾಗಿ ಕೂಡಿಸುವದು.

ಯೋಜನೆಗಳ ಅವಧಿಯೂ ಪ್ರಮಾಣವೂ ಕಾಲಕಾಲಕ್ಕೆ ಬದಲಾಗುವದರಿಂದ, ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಈಗಿನ ನಿಯಮಗಳನ್ನು ವಿಚಾರಿಸತಕ್ಕದ್ದು. ಸಹಾಯಧನವಿಲ್ಲದಿದ್ದರೂ ನಡೆಯಬಲ್ಲ ಗಾಣಕ್ಕೆ ಸಹಾಯಧನವು ಬಲ ಕೊಡುವದು. ಅದನ್ನೇ ನಂಬಿ ಹೂಡಿದ ಗಾಣವು ಒಡೆಯನ ಹೊಲಕ್ಕೇ ಮುಳುವಾಗುವದು.