ನಿದ್ದೆಯ ಬೇರಿಗೂ ಪರೀಕ್ಷೆ ಬೇಕು

ವಿಜಯಪುರ ಜಿಲ್ಲೆಯ ಟಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ರೈತನದೂ ರಾತ್ರಿ ಪಾಳಿಯೇ. ಮೋಟರು ಚಾಲೂ ಮಾಡಬೇಕು, ಹನಿ ನೀರಾವರಿಯ ವಾಲ್ವ್ ತಿರುಗಿಸಬೇಕು, ಬೆಳಗಾಗುತ್ತಲೇ ಮತ್ತೆ ಸಾಲುಗಳ ನಡುವೆ ಇಳಿಯಬೇಕು. ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದ ಮೇಲೆ ಅಕಾಲಿಕ ಮಳೆಯ ಹೆದರಿಕೆ, ಬ್ಯಾಂಕಿನ ಸಾಲದ ಲೆಕ್ಕ. ಹೀಗಿರುವಾಗ ಹಾಸಿಗೆಗೆ ಬಿದ್ದರೂ ಕಣ್ಣು ಹತ್ತುವುದಿಲ್ಲ.

ಇದಕ್ಕೆ ಮನೆಮದ್ದುಗಳೇನೂ ಕಡಿಮೆಯಿಲ್ಲ. ಹಾಲಿಗೆ ತೇಯ್ದು ಹಾಕಿದ ಜಾಜಿಕಾಯಿ, ಗಸಗಸೆ ಪಾಯಸ, ಈಚೆಗೆ ಅಂಗಡಿಯ ಅಶ್ವಗಂಧದ ಡಬ್ಬಿ. ಇವುಗಳನ್ನು ನಗೆಯಾಡಿ ತಳ್ಳಿಹಾಕುವ ಹಕ್ಕು ಮನೋವೈದ್ಯರಿಗಿಲ್ಲ. ಅವರ ಶಾಸ್ತ್ರಕ್ಕೆ ಸಿಕ್ಕ ಮೊದಲ ಆಧುನಿಕ ಮದ್ದುಗಳಲ್ಲಿ ಒಂದು ನಮ್ಮ ನೆಲದ ಬೇರಿನಿಂದಲೇ ಬಂದದ್ದು.

ಆ ಬೇರು ಸರ್ಪಗಂಧ. ಅತ್ತ ಬಿಹಾರದ ಕಡೆ ಅದನ್ನು ಹುಚ್ಚಿನ ಮದ್ದೆಂದೇ ಮಾರುತ್ತಿದ್ದರು. 1931ರಲ್ಲಿ ಕೋಲ್ಕತ್ತದ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅದರ ಗುಣವನ್ನು ವೈದ್ಯ ಪತ್ರಿಕೆಯಲ್ಲಿ ದಾಖಲಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನ ತಜ್ಞರು ಅದರ ಸಾರವಾದ ರೆಸರ್ಪಿನ್ ಬೇರ್ಪಡಿಸಿದರು. 1954ರಲ್ಲಿ ಅಮೆರಿಕದ ಮನೋವೈದ್ಯ ನೇಥನ್ ಕ್ಲೈನ್ ರೋಗಿಗಳಿಗೆ ಕೊಟ್ಟು ನೋಡಿದ ಫಲಿತಾಂಶ ಪ್ರಕಟವಾಯಿತು. ಆದರೆ ರಕ್ತದೊತ್ತಡ ತೀರಾ ಇಳಿಯುವುದು, ಕೆಲವರಲ್ಲಿ ಖಿನ್ನತೆ ಕಾಣಿಸಿಕೊಳ್ಳುವುದು ಗೊತ್ತಾದಂತೆ ಮನೋರೋಗಕ್ಕೆ ಅದರ ಬಳಕೆ ಹಿಂದೆ ಸರಿಯಿತು. ಬೇರಿನದೆಂದ ಮಾತ್ರಕ್ಕೆ ಮದ್ದು ಸಾಧುವಲ್ಲ.

ಅದೇ 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತೆರೆಯಿತು. ಅದರ ಮೊದಲ ನಿರ್ದೇಶಕರು ಡಾ. ಎಂ. ವಿ. ಗೋವಿಂದಸ್ವಾಮಿ. ತತ್ತ್ವಶಾಸ್ತ್ರ ಓದಿಕೊಂಡಿದ್ದ ಈ ಮನೋವೈದ್ಯರಿಗೆ ಆಸ್ಪತ್ರೆಯ ವಾರ್ಡಿನಷ್ಟೇ ಭಾರತೀಯ ಚಿಂತನೆಯೂ ಆಪ್ತವಾಗಿತ್ತು. 1974ರಲ್ಲಿ ಆ ಸಂಸ್ಥೆ ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು.

ಅಲ್ಲಿ ನಡೆದ ಒಂದು ಕೆಲಸ ಇಂದಿಗೂ ಮಾದರಿ. ಎ. ಎಸ್. ಮಹಲ್, ಎಂ. ಜಿ. ರಾಮು ಮತ್ತು ಸಂಗಡಿಗರು ಬ್ರಾಹ್ಮ್ಯಾದಿ ಯೋಗ ಮತ್ತು ತಗರ ಎಂಬ ಆಯುರ್ವೇದ ಮದ್ದುಗಳನ್ನು ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ಪರೀಕ್ಷಿಸಿ, 1976ರಲ್ಲಿ ಭಾರತೀಯ ಮನೋವೈದ್ಯ ಪತ್ರಿಕೆಯಲ್ಲಿ ವರದಿ ಮಾಡಿದರು. ತಗರ ಯುರೋಪಿನವರು ನಿದ್ದೆಗೆಂದು ಬಳಸುವ ವಲೇರಿಯನ್ ಗಿಡದ ಸೋದರ. ಯಾರಿಗೆ ಯಾವ ಮದ್ದು ಸಿಕ್ಕಿದೆ ಎಂಬುದು ರೋಗಿಗೂ ಗೊತ್ತಿಲ್ಲ, ಫಲ ಅಳೆಯುವ ವೈದ್ಯರಿಗೂ ಗೊತ್ತಿಲ್ಲ. ಅಲೋಪಥಿ ಮಾತ್ರೆಗೆ ಒಡ್ಡುವ ಪರೀಕ್ಷೆಯನ್ನೇ ಬೇರಿಗೂ ಒಡ್ಡಿದ್ದರು. ಆಯುರ್ವೇದಕ್ಕೆ ಸಲ್ಲಬೇಕಾದ ನಿಜವಾದ ಗೌರವ ಇದು. ಜಾಹೀರಾತಿನ ಹೊಗಳಿಕೆ ಅಲ್ಲ.

ಅಶ್ವಗಂಧಕ್ಕೂ ಇಂಥ ಪರೀಕ್ಷೆಗಳಾಗಿವೆ. ನಿದ್ದೆ ಬರಲು ಹಿಡಿಯುವ ಹೊತ್ತು ಸ್ವಲ್ಪ ಕಡಿಮೆಯಾದದ್ದು ಕೆಲವು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಜೊತೆಗೆ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಥೈರಾಯಿಡ್ ಮಾತ್ರೆ ನುಂಗುವವರು, ಗರ್ಭಿಣಿಯರು ಡಬ್ಬಿ ತೆರೆಯುವ ಮೊದಲು ವೈದ್ಯರನ್ನು ಕೇಳಲೇಬೇಕು. ಬೇರು ಸಿಕ್ಕಿತೆಂದು, ಮನೋವೈದ್ಯರು ಬರೆದ ನಿದ್ದೆ ಮಾತ್ರೆಯನ್ನು ತಟ್ಟನೆ ಬಿಡುವುದಂತೂ ಅಪಾಯ.

ಬಹುಕಾಲದ ನಿದ್ರಾಹೀನತೆಗೆ ಇಂದು ಮೊದಲು ಸೂಚಿಸುವ ಚಿಕಿತ್ಸೆಯಲ್ಲಿ ಬೇರೂ ಇಲ್ಲ, ಮಾತ್ರೆಯೂ ಇಲ್ಲ. ದಿನವೂ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಾರದಿದ್ದರೆ ಹೊರಳಾಡದೆ ಹಾಸಿಗೆ ಬಿಟ್ಟೇಳುವುದು, ಸಂಜೆಯ ಮೇಲೆ ಚಹಾ ನಿಲ್ಲಿಸುವುದು, ನಿದ್ದೆಯ ಬಗೆಗಿನ ಭಯವನ್ನು ಮಾತಾಡಿ ಬಿಡಿಸುವುದು. ರಾತ್ರಿ ನೀರು ಹಾಯಿಸುವವರಿಗೆ ಇದರಲ್ಲಿ ಕೆಲವು ಕಷ್ಟ. ಅವರಿಗೆ ಹಗಲು ಕರೆಂಟು ಕೊಡುವುದೂ ಒಂದು ಚಿಕಿತ್ಸೆಯೇ.

ವಿಜಯಪುರದಲ್ಲಿ ಬಿಎಲ್‌ಡಿಇ ಸಂಸ್ಥೆಯ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜಿದೆ, ಅದೇ ಸಂಸ್ಥೆಯ ಆಯುರ್ವೇದ ಕಾಲೇಜೂ ಇದೆ. ಈ ಸೀಮೆಯ ಮನೆಮದ್ದುಗಳನ್ನು ಎರಡೂ ಕಾಲೇಜಿನವರು ಕೂಡಿ ಪರೀಕ್ಷೆಗೆ ಒಡ್ಡಲು ಇದಕ್ಕಿಂತ ತಕ್ಕ ಜಾಗ ಬೇಕಿಲ್ಲ. ಅಲ್ಲಿಯವರೆಗೆ, ವಾರಗಟ್ಟಲೆ ನಿದ್ದೆಗೆಟ್ಟವರು 14416ಕ್ಕೆ ಕರೆ ಮಾಡಬಹುದು. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.