ಗಡ್ಡದ ಸೋಪಿಗೆ ಎಷ್ಟು ಘಮ?

ಪ್ರಶ್ನೆ: ಮನೆಯಲ್ಲೇ ಶೇವಿಂಗ್ ಸೋಪು ಮಾಡುತ್ತೇನೆ. ಗಂಧದೆಣ್ಣೆ ಎಷ್ಟು ಹಾಕಲಿ? ಲವಂಗದೆಣ್ಣೆ ಬೆರೆಸಬಹುದೇ?
– ಓದುಗರೊಬ್ಬರು, ನಾಯಂಡಹಳ್ಳಿ

ಉತ್ತರ: ಮೈಸೋಪಿನ ಲೆಕ್ಕ ಇಲ್ಲಿ ನಡೆಯದು. ಈ ನೊರೆ ಮೂಗಿನ ಕೆಳಗೇ ನಾಲ್ಕೈದು ನಿಮಿಷ ಕೂತಿರುತ್ತದೆ, ಅದೂ ಬ್ಲೇಡು ಕೆರೆಯುವ ಚರ್ಮದ ಮೇಲೆ. 100 ಗ್ರಾಂ ಸೋಪಿಗೆ 1 ಗ್ರಾಂ ಸಾಕು. ಲವಂಗ ಬೇಡವೇ ಬೇಡ. ಅದರಲ್ಲಿರುವ ಯೂಜಿನಾಲ್ ಕೆನ್ನೆ ಉರಿಸೀತು; ಸೋಪಿನ ಪಾಕವೂ ಅಚ್ಚಿಗೆ ಹೊಯ್ಯುವ ಮೊದಲೇ ಪಾತ್ರೆಯಲ್ಲಿ ಗಟ್ಟಿಯಾದೀತು. ನಿಂಬೆ, ಕಿತ್ತಳೆಯ ವಾಸನೆ ಬಿಲ್ಲೆ ಒಣಗುವಷ್ಟರಲ್ಲಿ ಅರ್ಧ ಹಾರಿರುತ್ತದೆ. ಗಂಧ ನಿಧಾನಿ, ನಿಲ್ಲುತ್ತದೆ. ಬೆಲೆ ಕೇಳಿದರೆ ಮಾತ್ರ ಗಡ್ಡ ಬಿಡುವುದೇ ಲೇಸೆನಿಸುತ್ತದೆ! ಘಮ ಸಾಕೋ ಸಾಲದೋ ಎಂದು ಒಣ ಬಿಲ್ಲೆ ಮೂಸಿ ತೀರ್ಮಾನಿಸಬೇಡಿ. ಬಿಸಿನೀರಲ್ಲಿ ಬ್ರಷ್ ಅದ್ದಿ ನೊರೆ ಎಬ್ಬಿಸಿ, ಆಮೇಲೆ ಮೂಸಿ.