ಅಂಗೈಯಗಲದ ಪ್ರಯೋಗಶಾಲೆ

ಸಿಹಿಮೂತ್ರರೋಗವು ಮೂತ್ರಪಿಂಡಗಳನ್ನು ಕೆಡಿಸತೊಡಗಿದಾಗ ಮೊದಮೊದಲು ನೋವೇ ಇರದು. ಮೂತ್ರದಲ್ಲಿ ಆಲ್ಬುಮಿನ್ ಎಂಬ ಸಸಾರಜನಕ ಪದಾರ್ಥವು ಸೋರುವುದೇ ಅದರ ಮುಖ್ಯ ಗುರುತು. ನೋವಿಲ್ಲದ ರೋಗಕ್ಕಾಗಿ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಒಕ್ಕಲಿಗನು ಹೊಲದ ಕೆಲಸ ಬಿಟ್ಟು ಪೇಟೆಯ ಪ್ರಯೋಗಶಾಲೆಗೆ ಹೋದಾನೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ನವಕಾಂತ ಭಟ್ಟರೂ ಅವರ ಸಂಗಡಿಗರೂ 2015ರಲ್ಲಿ ಪಾಥ್‌ಶೋಧ್ ಎಂಬ ಸಂಸ್ಥೆಯನ್ನು ಕಟ್ಟಿ, ಕೈಯಲ್ಲಿ ಹಿಡಿಯಬಹುದಾದ ಯಂತ್ರವೊಂದನ್ನು ಸಿದ್ಧಪಡಿಸಿದರು. ಪಟ್ಟಿಯ ಮೇಲಿಟ್ಟ ರಕ್ತದ ಅಥವಾ ಮೂತ್ರದ ಹನಿಯಿಂದುಂಟಾಗುವ ವಿದ್ಯುತ್ತನ್ನು ಅಳೆದು ಅದು ಅಂಕೆಯನ್ನು ತೋರಿಸುವುದು.

ಅಂಕೆ ತೋರಿದ ಮಾತ್ರಕ್ಕೆ ಯಂತ್ರವನ್ನು ನಂಬಲಾಗದಷ್ಟೆ. ಅದೇ ರೋಗಿಯ ಮಾದರಿಯನ್ನು ದೊಡ್ಡ ಪ್ರಯೋಗಶಾಲೆಯಲ್ಲಿಯೂ ಪರೀಕ್ಷಿಸಿ, ಹೀಗೆ ಅನೇಕರಲ್ಲಿ ಎರಡು ಅಂಕೆಗಳನ್ನೂ ತಾಳೆ ನೋಡಬೇಕು. ರೋಗವಿದ್ದವನಿಗೆ ಇಲ್ಲವೆಂದು ಹೇಳುವ ಯಂತ್ರವು ಯಂತ್ರವಿಲ್ಲದುದಕ್ಕಿಂತ ಅಪಾಯಕರ. 2018ರ ಜನವರಿ 1ರಿಂದ ಜಾರಿಗೆ ಬಂದಿರುವ ಭಾರತದ ವೈದ್ಯಕೀಯ ಉಪಕರಣ ನಿಯಮಗಳು, ಇಂಥ ಹೊಸ ರೋಗಪರೀಕ್ಷಾ ಸಾಧನಗಳು ಮಾರುಕಟ್ಟೆಗೆ ಬರುವ ಮೊದಲೇ ಈ ತಾಳೆಯನ್ನು ಕೇಳುತ್ತವೆ.